ಅರ್ಧಕ್ಕೇ ನಿಂತ ನಿಂಬೆಹಣ್ಣಿನ ಪಾಠ

ಜಯಶೀಲಾ ಅವರ ಚೀಲದಲ್ಲಿ ಚಾಕು ಒರೆಸುವ ಬಟ್ಟೆಯೊಂದಿದೆ. ಸನ್ಮಾನದ ಶಾಲನ್ನು ಹರಿದು ಮಾಡಿಕೊಂಡದ್ದು. ಜರಿಯ ಅಂಚು ಇನ್ನೂ ಹಾಗೇ ಇದೆ. ಯಾಕೆ ಹರಿದಿರಿ ಎಂದು ಕೇಳಿದರೆ, "ಮತ್ತೇನಕ್ಕೂ ಬರಲ್ಲ ಅದು" ಎನ್ನುತ್ತಾರೆ.

ಅವರು ಭದ್ರಾವತಿಯ ಹಳೇನಗರದವರು. ತಂದೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದರು. ಜಯಶೀಲಾ ಬಿ.ಎಸ್ಸಿ. ಮುಗಿಸಿ, ಒಂದಷ್ಟು ವರ್ಷ ಖಾಸಗಿ ಶಾಲೆಯಲ್ಲಿ ಪಾಠ ಹೇಳಿ, ಆಮೇಲೆ ಹಳ್ಳಿಗಳಿಗೆ ವಿಜ್ಞಾನ ತಲುಪಿಸುತ್ತೇವೆ ಎನ್ನುವ ಸಂಸ್ಥೆಯೊಂದಕ್ಕೆ ಸೇರಿದರು. ಅದರ ಕಚೇರಿ ಶಿವಮೊಗ್ಗದ ನವುಲೆಯಲ್ಲಿತ್ತು. ನಾನೂ ಅಲ್ಲೇ ಇದ್ದೆ. ನನ್ನದು ಮಣ್ಣು ಪರೀಕ್ಷೆ, ಅವರದು ಪವಾಡ ಬಯಲು.

ಮಾಟ ತೆಗೆಯುತ್ತೇನೆಂದು ತಿರುಗುವವರ ಕೈಚಳಕವನ್ನೇ ಅವರು ಮೊದಲು ಮಾಡಿ ತೋರಿಸುತ್ತಿದ್ದರು. ಏನೋ ಗೊಣಗಿ ನಿಂಬೆಹಣ್ಣು ಕೊಯ್ದರೆ ರಕ್ತದಂಥ ರಸ ಸುರಿಯುತ್ತಿತ್ತು. ಜನ ಬೆಚ್ಚಿಬಿದ್ದ ಮೇಲೆ ಗುಟ್ಟು ಹೇಳುವುದು: ಚಾಕುವಿಗೆ ಮೊದಲೇ ದಾಸವಾಳದ ಎಸಳು ಉಜ್ಜಿ ಒಣಗಿಸಿರುತ್ತಾರೆ, ಹುಳಿ ತಾಗಿದ ಕೂಡಲೇ ಅದು ಕೆಂಪಾಗುತ್ತದೆ. ಮೊದಲು ಹೆದರಿಕೆ, ಆಮೇಲೆ ನಗು. ನಗು ಬರದಿದ್ದರೆ ಹೆದರಿಕೆಯೇ ಉಳಿಯುತ್ತದೆ.

ಕಳೆದ ವರ್ಷ ಭದ್ರಾ ನಾಲೆಯ ಬದಿಯ ಊರೊಂದಕ್ಕೆ ಹೋಗಿದ್ದೆವು. ಅಲ್ಲಿನ ಆಶಾ ಕಾರ್ಯಕರ್ತೆ ಮೊದಲೇ ಹೇಳಿದ್ದರು: ಲಿಂಗಮ್ಮ ಎನ್ನುವವರ ಮಗಳು ಅಮೂಲ್ಯಳಿಗೆ ಮೂರ್ಛೆರೋಗ, ಮಾತ್ರೆಯಿಂದ ಹತೋಟಿಗೆ ಬಂದಿದೆ. ಆದರೆ ಪಕ್ಕದೂರಿನವನೊಬ್ಬ ನಿಂಬೆಹಣ್ಣಲ್ಲಿ ರಕ್ತ ತೋರಿಸಿ, ಇದು ಮಾಟ, ಮಾತ್ರೆ ನಿಲ್ಲಿಸು ಎಂದಿದ್ದಾನೆ. ಲಿಂಗಮ್ಮನ ಮನಸ್ಸು ಡೋಲಾಯಮಾನವಾಗಿತ್ತು. ಅವರಿಗಾಗಿಯೇ ಜಯಶೀಲಾ ಆ ದಿನ ನಿಂಬೆಹಣ್ಣು ತಂದದ್ದು. ಲಿಂಗಮ್ಮನನ್ನು ಮುಂದಿನ ಸಾಲಿನಲ್ಲೇ ಕೂರಿಸಿದ್ದರು.

ಹಣ್ಣು ಕೊಯ್ದರು. ಕೆಂಪು ರಸ ಮೊಣಕೈವರೆಗೆ ಇಳಿಯಿತು. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಅಷ್ಟರಲ್ಲಿ ಶಾಲೆಯ ಅಂಗಳಕ್ಕೆ ಕಾರು ಬಂತು. ನಮ್ಮ ಅಧ್ಯಕ್ಷರಾದ ವಿಷ್ಣುಪ್ರಸಾದರು ಮುಖ್ಯ ಅತಿಥಿಯ ಜೊತೆ ಇಳಿದರು.

"ಹಾಗೇ ಹಿಡ್ಕೊಳ್ಳಿ ಜಯಶೀಲಾ, ಒಂದು ಫೋಟೋ!"

"ಸರ್, ಇನ್ನೂ ವಿವರಣೆ ಹೇಳಿಲ್ಲ."

"ಕರಪತ್ರದಲ್ಲಿ ಇದೆಯಲ್ರೀ. ರಾಹುಕಾಲ ಬರ್ತಾ ಇದೆ. ಅದಕ್ಕೆ ಮುಂಚೆ ಸಾಹೇಬ್ರು ದೀಪ ಹಚ್ಬೇಕಂತೆ."

ವೈಜ್ಞಾನಿಕ ಮನೋಭಾವದ ಕಾರ್ಯಕ್ರಮಕ್ಕೆ ರಾಹುಕಾಲ! ವಿಷ್ಣುಪ್ರಸಾದರು ಮೈಕು ಕಿತ್ತುಕೊಂಡು ಅತಿಥಿಯ ಕೈಗೆ ಕೊಟ್ಟರು. ಕೆಂಪು ಕೈಯ ಜಯಶೀಲಾ ಅವರ ಹೆಗಲಿಗೆ ಶಾಲು ಬಿತ್ತು. ಮೂಢನಂಬಿಕೆ ತೊಲಗಬೇಕು ಎಂದು ಅತಿಥಿ ಬಹಳ ಹೊತ್ತು ಮಾತಾಡಿದರು. ಭಾಷಣ ಮುಗಿದದ್ದೇ ಜನ ಉಪ್ಪಿಟ್ಟಿನ ಕಡೆಗೆ ಎದ್ದರು. ಜಯಶೀಲಾ ಹುಡುಕುವಷ್ಟರಲ್ಲಿ ಲಿಂಗಮ್ಮ ಹೊರಟುಹೋಗಿದ್ದರು.

ಕೆಲವು ದಿನಗಳ ಮೇಲೆ ಲಿಂಗಮ್ಮ ಮಗಳನ್ನು ಕರೆದುಕೊಂಡು ನವುಲೆಯ ಕಚೇರಿಗೇ ಬಂದರು. ಅಮೂಲ್ಯಳ ಗದ್ದಕ್ಕೆ ಹೊಲಿಗೆ ಬಿದ್ದಿತ್ತು.

"ನಿಮ್ಮ ಕೈಯಲ್ಲೂ ರಕ್ತ ಬಂತಲ್ಲ ಅಮ್ಮಾರೆ. ಓದಿದೋರಿಗೇ ಕಂಡ್ಮೇಲೆ ಇನ್ನೇನು? ಮಾತ್ರೆ ನಿಲ್ಸಿಬಿಟ್ಟೆ. ಮೊನ್ನೆ ಜಗಲಿ ಮೇಲಿಂದ ಬಿದ್ಲು. ನೀವೇ ಮಾಟ ತೆಗೀರಿ" ಎಂದು ಕಾಲಿಗೆ ಬಿದ್ದರು.

ಜಯಶೀಲಾ ಕೆಂಡ ತುಳಿದವರಂತೆ ಹಿಂದೆ ಸರಿದರು. "ಏಳಿ ಲಿಂಗಮ್ಮ! ಅದು ರಕ್ತ ಅಲ್ಲ, ಹೂವಿನ ಬಣ್ಣ. ನನಗೆ ಯಾವ ಶಕ್ತಿನೂ ಇಲ್ಲ."

"ಶಕ್ತಿ ಇರೋರು ಹಂಗೇ ಅನ್ನೋದು."

ಜಯಶೀಲಾ ಅಧ್ಯಕ್ಷರ ಕೋಣೆಗೆ ಹೋಗಿ, ವ್ಯಾನು ಕೊಡಿ, ಇವತ್ತೇ ಆ ಊರಿಗೆ ಹೋಗಬೇಕು ಎಂದರು.

ವಿಷ್ಣುಪ್ರಸಾದರು ನಕ್ಕರು. "ಕಾಲಿಗೆ ಬೀಳ್ತಾರೆ ಅಂದ್ರೆ ಇಂಪ್ಯಾಕ್ಟ್ ಚೆನ್ನಾಗಿದೆ ಅಂತ ತಾನೇ? ಆ ಊರು ಮುಗೀತು. ರಿಪೋರ್ಟೂ ಹೋಯ್ತು."

"ಹುಡುಗಿ ಬಿದ್ದು ಗದ್ದ ಒಡ್ಕೊಂಡಿದ್ದಾಳೆ ಸರ್."

"ಪಾಪ. ಡಾಕ್ಟರ್ ಹತ್ರ ಕಳಿಸಿ. ಅಂದ ಹಾಗೆ, ಇದು ನೋಡಿ."

ಮೇಜಿನ ಮೇಲೆ ಹೊಸ ವರ್ಷದ ಕ್ಯಾಲೆಂಡರಿನ ಮಾದರಿ ಇತ್ತು. ಶಾಲು ಹೊದ್ದು, ಕೆಂಪು ಸುರಿಯುವ ನಿಂಬೆಹಣ್ಣು ಹಿಡಿದ ಜಯಶೀಲಾ. ಮೇಲೆ 'ಹಳ್ಳಿಗೆ ವಿಜ್ಞಾನದ ಬೆಳಕು' ಎಂಬ ಅಕ್ಷರ. ಜಯಶೀಲಾ ಹೊರಬಂದರು. ಕಪಾಟಿನಿಂದ ಆ ಶಾಲನ್ನು ಎಳೆದು ಚೀಲಕ್ಕೆ ತುರುಕಿದರು. ತಾಯಿ ಮಗಳನ್ನು ಕರೆದುಕೊಂಡು ಅವರ ಊರಿಗೆ ಹೋಗಲು ಭದ್ರಾವತಿಯ ಬಸ್ಸು ಹತ್ತಿದರು. ನಾನೂ ಹೋದೆ.

ಲಿಂಗಮ್ಮನ ಹಿತ್ತಿಲಲ್ಲೇ ದಾಸವಾಳವಿತ್ತು. ಜಯಶೀಲಾ ಆ ಮನೆಯ ಈಳಿಗೆಮಣೆಯನ್ನೇ ತರಿಸಿ, ಅಲಗಿಗೆ ಹೂವು ಉಜ್ಜಿಸಿ, ಬಿಸಿಲಿಗೆ ಇಡಿಸಿದರು. "ಈಗ ನೀವೇ ಕೂತು ಹಣ್ಣು ಹೆಚ್ಚಿ. ನಾನು ಮುಟ್ಟಲ್ಲ."

ಲಿಂಗಮ್ಮ ಹೆಚ್ಚಿದರು. ಕೆಂಪು ಇಳಿಯಿತು. "ಅಯ್ಯಯ್ಯೋ, ನಮ್ಮನೆ ಮಣೆಗೂ ಹತ್ತಿಕೊಳ್ತು!" ಎಂದು ಎದ್ದೇಬಿಟ್ಟರು.

"ಕೂತ್ಕೊಳ್ಳಿ ಮಾರಾಯ್ತಿ. ಸೋಪು ಹಾಕಿ ತೊಳೀರಿ ಅದನ್ನ."

ತೊಳೆದ ಅಲಗನ್ನು ಜಯಶೀಲಾ ಶಾಲಿನಿಂದಲೇ ಒರೆಸಿದರು. ಎರಡನೆಯ ಹಣ್ಣಿನಿಂದ ಬಂದದ್ದು ಬರೀ ನಿಂಬೆರಸ. ಲಿಂಗಮ್ಮ ಅದನ್ನು ಬೆರಳಲ್ಲಿ ತೆಗೆದು ನೆಕ್ಕಿದರು. ಅಮೂಲ್ಯ ತಾನೇ ಮತ್ತೊಂದು ಹೂವು ಕಿತ್ತು ಉಜ್ಜಿದಳು. ಮೂರನೆಯ ಹಣ್ಣು ಮತ್ತೆ ಕೆಂಪಾಯಿತು. ಹುಡುಗಿ ನಕ್ಕಳು. ಲಿಂಗಮ್ಮ ನಗಲಿಲ್ಲ.

"ಥೂ! ಸೋಪಿಗೆ ಹೋಗೋ ಮಾಟಕ್ಕೆ ಎರಡು ಹುಂಜ ಕೊಟ್ನಲ್ಲ ಆ ಮುಂಡೇದಕ್ಕೆ" ಎಂದು ಉಗಿದರು. ಆಮೇಲೆ ಜಯಶೀಲಾ ಅವರ ಕಡೆ ತಿರುಗಿ, "ನೀವಾದ್ರೂ ಅವತ್ತೇ ಹೇಳ್ಬಾರ್ದಿತ್ತಾ? ಶಾಲು ಹೊದ್ಕೊಂಡು ನಿಂತ್ಬಿಟ್ರಿ" ಎಂದರು.

"ತಪ್ಪಾಯ್ತು" ಎಂದರು ಜಯಶೀಲಾ. ಆಶಾ ಕಾರ್ಯಕರ್ತೆ ಬಂದು ಆಸ್ಪತ್ರೆಗೆ ಫೋನು ಮಾಡಿದರು. ಡಾಕ್ಟರು ಹೇಳಿದಂತೆ ಆ ಸಂಜೆಯೇ ಮಾತ್ರೆ ಮತ್ತೆ ಶುರುವಾಯಿತು.

ಜಯಶೀಲಾ ಸಂಸ್ಥೆ ಬಿಟ್ಟರು. ಈಗ ಭದ್ರಾವತಿಯಲ್ಲಿ ಮನೆಪಾಠ ಹೇಳುತ್ತಾರೆ, ರಜೆಯಲ್ಲಿ ಬಸ್ಸು ಹಿಡಿದು ಊರೂರಿಗೆ ಹೋಗುತ್ತಾರೆ. ಮೊದಲು ಹೂವು ಉಜ್ಜಿ ತೋರಿಸುತ್ತಾರೆ, ಆಮೇಲೆ ಹಣ್ಣು. ಯಾರೂ ಬೆಚ್ಚುವುದಿಲ್ಲ, ಚಪ್ಪಾಳೆಯೂ ಅಷ್ಟಕ್ಕಷ್ಟೆ.

ಕ್ಯಾಲೆಂಡರು ಮಾತ್ರ ಎಲ್ಲ ಹಳ್ಳಿಗಳಿಗೂ ಹಂಚಿಕೆಯಾಯಿತು. ಮೊನ್ನೆ ಲಿಂಗಮ್ಮ ಫೋನು ಮಾಡಿದ್ದರು.

"ಅಮ್ಮಾರೆ, ಪಕ್ಕದ ಮನೇಲಿ ನಿಮ್ಮ ಫೋಟೋಕ್ಕೆ ಕುಂಕುಮ ಹಚ್ಚಿದಾರೆ."

"ಥೂ ಅವರ! ನಾಳೆನೇ ಬರ್ತೀನಿ."

"ನೀವು ಬಂದ್ರೆ ಕಾಲಿಗೆ ಬೀಳ್ತಾರೆ, ಬರಬೇಡಿ. ನಾನೇ ಮಣೆ ತಗೊಂಡು ಹೋಗ್ತಿದೀನಿ."