ಒಂದೇ ಕಿವಿಗೆ ಮೂರು ಗಿಟಾರು

ಆ ಮನೆಯಲ್ಲಿ ಗಿಟಾರ್ ಬಾರದವಳು ಸೊಸೆ ಒಬ್ಬಳೇ. ಬಸ್ ಓಡಿಸಿ ನಿವೃತ್ತರಾದ ಮಾವ, ಆಂಬುಲೆನ್ಸ್ ಓಡಿಸುವ ಗಂಡ, ಮಕ್ಕಳಿಗೆ ಸಂಗೀತ ಹೇಳಿಕೊಡುವ ಮೈದುನ, ಈ ಮೂವರಿಗೂ ಊಟ ತಪ್ಪಿದರೂ ಗಿಟಾರು ತಪ್ಪಬಾರದು. ಅವಳದು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ. ಈಗ ಹೆರಿಗೆ ರಜೆ. ಮಲಗುವ ಕೋಣೆಯಲ್ಲಿ, ಸದ್ದು ಮಾರ್ದನಿಸದಿರಲೆಂದು ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಟ್ಟು, ಗಂಡಸರು ಒಬ್ಬೊಬ್ಬರಾಗಿ ನುಡಿಸಿದ್ದನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದರು. ಮಂಚದ ಮೇಲೆ ಮಗುವಿಗೆ ಹಾಲು ಕುಡಿಸುತ್ತ ನೋಡಿ ನೋಡಿಯೇ ಅವಳು ಎಲ್ಲ ಕಲಿತುಬಿಟ್ಟಿದ್ದಳು.

ಒಂದು ನಾಟಕ ತಂಡ ಇವರಿಂದ ಹಾಡು ಬಯಸಿತ್ತು. ಹಾಡುವವನು ಗಂಡ. ಮೊದಲ ಸಲ ಕಳಿಸಿದ್ದನ್ನು ಕೇಳಿ ನಿರ್ದೇಶಕಿ ಫೋನಿನಲ್ಲೇ ನಕ್ಕಿದ್ದರು.

"ಮೂರು ಗಿಟಾರ್ ಅಂತೀರಿ, ನನಗೆ ಒಂದೂ ಕೇಳಿಸ್ತಿಲ್ಲ. ಭಾನುವಾರ ಮನೆಗೇ ಬರ್ತೀನಿ. ಆಗಲೂ ಹೀಗೇ ಇದ್ರೆ ಬೇರೆಯವರ ಹತ್ರ ಮಾಡಿಸ್ತೀನಿ, ಬೇಜಾರು ಮಾಡ್ಕೋಬೇಡಿ."

ಹೀಗೇಕಾಯಿತೆಂದು ಸೊಸೆಗೆ ಗೊತ್ತಿತ್ತು. ಮೈದುನ ಹೋಗುತ್ತ ಬರುತ್ತ ತನ್ನ ಗಿಟಾರಿನ ಸದ್ದು ಒಂದಿಷ್ಟು ಏರಿಸುತ್ತಿದ್ದ. ಗಂಡ ಡ್ಯೂಟಿಯಿಂದ ಬಂದವನು ಶೂ ಬಿಚ್ಚುವ ಮೊದಲೇ ತನ್ನದನ್ನು ಏರಿಸುತ್ತಿದ್ದ. ಮಾವ ಮರ್ಯಾದಸ್ಥರು, ತಮ್ಮ ಇಬ್ಬರು ಮಕ್ಕಳು ಸ್ನಾನಕ್ಕೆ ಹೋಗುವವರೆಗೂ ಕಾಯುತ್ತಿದ್ದರು.

"ಈ ಸಲ ಮೂರನ್ನೂ ನಾನು ಹೊಂದಿಸ್ತೀನಿ," ಎಂದಳು. "ಯಾರೂ ಕಂಪ್ಯೂಟರ್ ಮುಟ್ಟೋ ಹಾಗಿಲ್ಲ."

"ಅತ್ತಿಗೆ, ಇದು ಕನ್ನಡಕ ಒರೆಸಿದ ಹಾಗಲ್ಲ," ಎಂದ ಮೈದುನ.

"ಹೌದಪ್ಪ. ಅಲ್ಲಿಗೆ ಬಂದವರು ಕಣ್ಣು ಕಾಣಿಸ್ತಿಲ್ಲ ಅಂತ ಒಪ್ಕೋತಾರೆ. ಕಿವಿ ಕೇಳಿಸ್ತಿಲ್ಲ ಅಂತ ನೀವು ಒಪ್ಕೊಳ್ಳಲ್ಲ."

ಮಾವ ನಕ್ಕುಬಿಟ್ಟರು. ಅಲ್ಲಿಗೆ ತೀರ್ಮಾನವಾಯಿತು.

ಮಧ್ಯಾಹ್ನ ಮಗು ಮಲಗಿದ ಕೂಡಲೇ ಕೂತಳು. ಒಂದು ಕಿವಿಗೆ ಇಯರ್‌ಫೋನು, ಇನ್ನೊಂದು ಕಿವಿ ತೊಟ್ಟಿಲಿಗೆ. ಗಂಡನ ಗಿಟಾರನ್ನು ಎಡಬದಿಗೆ, ಮಾವನದನ್ನು ಬಲಬದಿಗೆ ಸರಿಸಿ, ಮೈದುನನದನ್ನು ನಡುವೆ ಇಟ್ಟಳು. ಮಾವನದು ಕೇಳಿಸಲೇ ಇಲ್ಲ. ಪಾಪ, ವಯಸ್ಸಾದ ಬೆರಳು ಎಂದುಕೊಂಡು ಏರಿಸಿದಳು. ಊಹುಂ. ಇನ್ನೂ ಏರಿಸಿದಳು. ಸಂಜೆ ನಡುಮನೆಯ ಸ್ಪೀಕರಿಗೆ ಹಾಕಿದರೆ ಮಾವನ ಗಿಟಾರು, ಬಸ್ಸು ಗೋಡೆ ಒಡೆದು ಒಳಗೆ ನುಗ್ಗಿದ ಹಾಗೆ ಬಂತು.

"ಈಗ ಸರಿಹೋಯ್ತು ನೋಡು," ಎಂದರು ಮಾವ, ತಲೆದೂಗುತ್ತ.

ಆಗಲೇ ಅವಳಿಗೆ ಹೊಳೆದದ್ದು, ಬಲಬದಿಯ ಸದ್ದೆಲ್ಲ ತಾನು ಹಾಕಿಕೊಳ್ಳದೆ ಮೇಜಿನ ಮೇಲೆ ಬಿಟ್ಟಿದ್ದ ಇನ್ನೊಂದು ಇಯರ್‌ಫೋನಿಗೆ ಹೋಗಿತ್ತು. ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ತೊಟ್ಟಿಲಿಗೆ ಮೀಸಲಿಟ್ಟ ಕಿವಿಯನ್ನು ಹಾಡಿಗೆ ಕೊಡುವ ಹಾಗಿರಲಿಲ್ಲ.

ಮರುದಿನ ಎರಡೂ ಬದಿಯನ್ನು ಕೂಡಿಸಿ ಒಂದೇ ಕಿವಿಗೆ ತಂದುಕೊಂಡಳು. ಈಗ ಯಾರನ್ನೂ ಪಕ್ಕಕ್ಕೆ ಸರಿಸಿ ಜಗಳ ಮುಚ್ಚುವಂತಿರಲಿಲ್ಲ. ಮೂವರೂ ಒಂದೇ ಬಾಗಿಲಲ್ಲಿ ನೂಕಾಡುತ್ತಿದ್ದರು. ಮಗುವಿನ ಉಸಿರೂ ಕೇಳಬೇಕಲ್ಲ ಎಂದು ಸದ್ದನ್ನು ಪಿಸುಮಾತಿಗೆ ಇಳಿಸಿದಳು. ಅಷ್ಟು ಮೆಲ್ಲಗಾದಾಗ ಯಾರು ಯಾರ ಕಾಲು ತುಳಿಯುತ್ತಿದ್ದಾರೆಂದು ಸ್ಪಷ್ಟವಾಯಿತು. ಮಾವನ ಗಿಟಾರಿನ ತಳದಲ್ಲಿ ಗುಂಯ್‌ಗುಡುತ್ತಿದ್ದ ದಪ್ಪ ಸದ್ದನ್ನು ಕತ್ತರಿಸಿದಳು. ಗಂಡ ಬಿಡಿಬಿಡಿಯಾಗಿ ಮೀಟಿದ್ದಕ್ಕೆ ಆ ಜಾಗ ಸಿಕ್ಕಿತು. ಗಂಡ ಹಾಡುವಲ್ಲೆಲ್ಲ ಮೈದುನನನ್ನು ತಗ್ಗಿಸಿ, ಹಾಡು ಉಸಿರು ಎಳೆದುಕೊಳ್ಳುವಲ್ಲಿ ಮಾತ್ರ ಬಿಟ್ಟಳು. ಯಾವುದನ್ನೂ ಏರಿಸಲಿಲ್ಲ. ಕೊನೆಗೆ ಎಡ ಬಲ ಬಿಡಿಸಿ ಸ್ಪೀಕರಿಗೆ ಹಾಕಿದರೆ ಮೂವರೂ ಮೂರು ಕುರ್ಚಿಯಲ್ಲಿ ಕೂತು ಮಾತಾಡಿದಂತೆ ಇತ್ತು.

ಭಾನುವಾರ ನಿರ್ದೇಶಕಿ ಕಣ್ಣು ಮುಚ್ಚಿ ಹಾಡು ಪೂರ್ತಿ ಕೇಳಿದರು. "ಚೆನ್ನಾಗಿ ಬಂದಿದೆ. ಆ ಚೂಪು ಗಿಟಾರ್ ಮಾತ್ರ ಎರಡನೇ ಚರಣದಲ್ಲಿ ಸ್ವಲ್ಪ ಏರಿಸಿದ್ರೆ?"

ಅದು ಮೈದುನನದು. ಅವನ ಮುಖ ಅರಳಿತು. ಆದರೂ ಅತ್ತಿಗೆಯ ಕಡೆ ನೋಡಿದ.

"ಬೇಡ ಮೇಡಂ," ಎಂದಳು ಅವಳು. "ಅಲ್ಲಿ ಅದು ಎದ್ರೆ ಹಾಡಿನ ಮಾತು ಮುಳುಗುತ್ತೆ. ಏರಿಸಿ ಹಾಕ್ತೀನಿ, ನೀವೇ ಕೇಳಿ."

ಹಾಕಿದಳು. ನಿರ್ದೇಶಕಿ ಅರ್ಧಕ್ಕೇ ಕೈ ಎತ್ತಿದರು. "ಮೊದಲಿನದೇ ಇರ್ಲಿ. ನಾಟಕಕ್ಕೆ ಇನ್ನೂ ಹಾಡುಗಳಿವೆ. ಯಾರ ಹತ್ರ ಮಾತಾಡ್ಲಿ?"

ಮಾವ ಗಂಟಲು ಸರಿಮಾಡಿಕೊಂಡರು. "ಬಾರಿಸೋಕೆ ನಾವು ಮೂವರಿದ್ದೀವಿ. ಮಾತೇನಿದ್ರೂ ನಮ್ಮ ಸೊಸೆ ಹತ್ರ."

ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು. "ಹಾಡು ಕೊಟ್ಟು ಹೋಗಿ ಮೇಡಂ. ಅದಕ್ಕೆ ಒಂದು ಗಿಟಾರ್ ಸಾಕೋ ಮೂರೂ ಬೇಕೋ ನಾನು ನೋಡಿ ಹೇಳ್ತೀನಿ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.