ತಣ್ಣೀರು ಮೊದಲು

ಅಗ್ನಿ ಮತ್ತು ಜಲ, ಹುಟ್ಟಾ ವೈರಿಗಳಾದ ಈ ಎರಡು ಮಹಾಭೂತಗಳನ್ನು ಒಂದೇ ಕಡೆ ಕೂಡಿಸಿ ಕೆಲಸ ಮಾಡಿಸಿಕೊಂಡ ದಿನವೇ ಮನುಷ್ಯ ನಾಗರಿಕನಾದ ಎಂಬುದು ನನ್ನ ಬಹುಕಾಲದ ಅಭಿಪ್ರಾಯ. ಕಳೆದ ತಿಂಗಳು ಮೈಗೆಲ್ಲ ಸೋಪು ಹಚ್ಚಿಕೊಂಡು ನಿಂತಿದ್ದಾಗ ಗ್ಯಾಸ್ ಗೀಸರ್ ಆರಿಹೋಗಿ, ಆ ನಾಗರಿಕತೆ ಅಲ್ಲಿಗೇ ನಿಂತಿತು. ಟವೆಲು ಸುತ್ತಿಕೊಂಡು ಕಡ್ಡಿ ಗೀರಿದೆ. ಬರ್ನರ್ ಭುಗ್ ಎಂದಿತು. ಗ್ಯಾಸು, ಸುಟ್ಟ ಬೆಂಕಿಕಡ್ಡಿ, ಕಾದ ತಾಮ್ರ, ಮೂರೂ ಬೆರೆತ ವಾಸನೆ ಮೂಗಿಗೆ ಬಂದದ್ದೇ ತಡ, ಬೊಂಬಾಯಿಯ ಸಾಂತಾಕ್ರೂಜಿನ ನನ್ನ ಬಚ್ಚಲು ಮಾಯವಾಗಿ ಧಾರಾವಿಯ ಒಂದು ತಗಡಿನ ಶೆಡ್ಡು ಕಣ್ಣಮುಂದೆ ಬಂತು. ಒಳಗೆ ಉಸ್ತಾದರು ಕುಕ್ಕರಗಾಲಲ್ಲಿ ಕೂತು ಬಕೆಟ್ಟಿಗೆ ಮೊಣಕೈ ಅದ್ದಿ ನೋಡುತ್ತಿದ್ದರು...

ಉಸ್ತಾದ್ ಎಂದೇ ಎಲ್ಲರೂ ಅವರನ್ನು ಕರೆಯುತ್ತಿದ್ದರು. ಬಿಜಾಪುರದ ಕಡೆಯವರು. ಮನೆಯವರೊಡನೆ ದಖ್ನಿ ಉರ್ದು, ನನ್ನೊಡನೆ ಕನ್ನಡ, ಹಟ ಮಾಡುವ ಬರ್ನರಿನೊಡನೆ ಎರಡರಲ್ಲೂ ಬೈಗುಳ. ಆಗ ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸಿಲಿಂಡರು ಬುಕ್ ಮಾಡಿ, ಗಂಡಿನ ಕಡೆಯವರ ಉತ್ತರಕ್ಕೆ ಕಾದ ಹಾಗೆ ವಾರಗಟ್ಟಲೆ ಕಾಯುತ್ತಿದ್ದ ಕಾಲ. ನಮ್ಮ ಬಿಲ್ಡಿಂಗಿನಲ್ಲಿ ಇಪ್ಪತ್ತನಾಲ್ಕು ಮನೆ, ಹೆಚ್ಚುಕಡಿಮೆ ಎಲ್ಲರೂ ಮೈಸೂರು-ಬೆಂಗಳೂರಿನಿಂದ ನೌಕರಿಗೆ ಬಂದವರು. ಸ್ನಾನಕ್ಕೆ ಸುಡುವ ನೀರಿಲ್ಲದಿದ್ದರೆ ಆಫೀಸಿಗೆ ರಜೆ ಹಾಕುವ ಜನ. ಇದ್ದ ಅಗ್ಗದ ಗೀಸರುಗಳು ತಿಂಗಳ ಸಿಲಿಂಡರನ್ನು ಹದಿನೈದು ದಿನಕ್ಕೆ ನುಂಗಿ ಬಿಡುತ್ತಿದ್ದವು. ಕಡಿಮೆ ಗ್ಯಾಸು ತಿನ್ನುವ ಗೀಸರನ್ನು ಹುಡುಕಿ, ಪರೀಕ್ಷಿಸಿ, ಎಲ್ಲ ಮನೆಗಳಿಗೂ ಹಾಕಿಸತಕ್ಕದ್ದು ಎಂದು ಸೊಸೈಟಿ ನಿರ್ಣಯ ಮಾಡಿತು. ಫೋರ್ಟಿನ ಒಂದು ವಿಮಾ ಕಚೇರಿಯಲ್ಲಿ ಕುರ್ಚಿ ಸವೆಸುತ್ತಿದ್ದ ನನ್ನನ್ನು, ಸೊಸೈಟಿಯ ಕಾರ್ಯದರ್ಶಿ ಎಂಬ ನೆಪದಲ್ಲಿ, ಈ ವೈಜ್ಞಾನಿಕ ಕಾರ್ಯಕ್ಕೆ ನೇಮಿಸಿದರು. ನನಗಿದ್ದ ಅರ್ಹತೆ, ಆ ಸಭೆಗೆ ನಾನು ಹೋಗದಿದ್ದದ್ದು.

ಆಫೀಸಿನ ಕ್ಯಾಂಟೀನಿನವರು ಉಸ್ತಾದರ ವಿಳಾಸ ಕೊಟ್ಟರು. ಮೊದಲ ಭಾನುವಾರ ಹೋದಾಗ ಅವರು ನನ್ನ ಕೈ ಹಿಡಿದು, ಉರಿಯುತ್ತಿದ್ದ ಒಂದು ಅಂಗಡಿ ಗೀಸರಿನ ನೆತ್ತಿಯ ಮೇಲೆ ಇಟ್ಟರು. ನಾನು ಹಾ ಎಂದು ಕೈ ಎಳೆದುಕೊಂಡೆ.

"ಸುಟ್ಟಿತೇನ್ರಿ ಸಾಹೇಬ್ರ? ಗ್ಯಾಸ್ ನಿಮ್ದು, ಬಿಸಿ ಕಾಗಿಗೆ. ಈಗ ಇದರ ಮ್ಯಾಲ ಇಡ್ರಿ."

ಇದು ಅವರು ಮಾಡಿದ ಗೀಸರು. ಅದರ ನೆತ್ತಿಯಲ್ಲಿ ಬರುತ್ತಿದ್ದದ್ದು ದೋಸೆಕಲ್ಲಿನಿಂದ ಮಾರು ದೂರ ನಿಂತಾಗಿನ ಬಿಸುಪು, ಅಷ್ಟೇ. ಒಂದು ತಾಮ್ರದ ಸುರುಳಿಯ ಮೇಲೆ ಇನ್ನೊಂದು ಸುರುಳಿ ಕೂರಿಸಿದ್ದರು. ಹೊರಗೆ ಹೋಗುವ ಬಿಸಿಗಾಳಿ ಆ ಎರಡನೆಯದರಲ್ಲಿ ಬರುವ ತಣ್ಣೀರಿಗೆ ಕೈ ಮುಗಿದು, ಇದ್ದಬದ್ದದ್ದನ್ನು ಕೊಟ್ಟು ಹೋಗಬೇಕು. ಹೊಸ ಸುರುಳಿ ಬೆಸೆದಾಗಲೆಲ್ಲ ಸಣ್ಣ ಸಿಲಿಂಡರನ್ನು ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿ ತೂಗುವುದು, ಹತ್ತು ಬಕೆಟ್ ನೀರು ಕಾಯಿಸುವುದು, ಮತ್ತೆ ತೂಗುವುದು. ಥರ್ಮಾಮೀಟರ್ ಇತ್ತು. ಆದರೆ ಕೊನೆಯ ಮಾತು ಮೊಣಕೈಯದು.

ಹೀಗೆ ಮೂರು ಭಾನುವಾರ ಹೋದೆ. ಕೆಲಸವಿತ್ತೆಂದಲ್ಲ. ಅವರು ಕೊಡುತ್ತಿದ್ದ ಚಹಾ, ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಇಬ್ಬರೂ ಉಸಿರು ಬಿಗಿಹಿಡಿದು ಕೂರುತ್ತಿದ್ದದ್ದು... ಆಫೀಸಿನಲ್ಲಿ ಹದಿನೆಂಟು ವರ್ಷ ಕೂತರೂ ಯಾವುದಕ್ಕೂ ನಾನು ಹಾಗೆ ಉಸಿರು ಹಿಡಿದಿರಲಿಲ್ಲ.

ಮೂರನೆಯ ಭಾನುವಾರ ಗೋಡೆಯ ಮೊಳೆಗಳಲ್ಲಿ ಜೋಡಿ ಸುರುಳಿಗಳು ಸಾಲಾಗಿ ನೇತಾಡುತ್ತಿದ್ದವು. ಎಣಿಸಿದೆ. ಇಪ್ಪತ್ತನಾಲ್ಕು. ನಾನು ಗಾಬರಿಯಾಗಿ, "ಇನ್ನೂ ಪರೀಕ್ಷೆ ಆಗಿಲ್ಲವಲ್ಲ ಉಸ್ತಾದ್" ಎಂದೆ. ಪಕ್ಕದ ಚರ್ಮದ ಕೆಲಸದವರು ಆ ಶೆಡ್ಡನ್ನು ಕೇಳುತ್ತಿದ್ದರು. ಈ ಕೆಲಸ ಸಿಕ್ಕರೆ ಜಾಗ ಉಳಿಯುತ್ತದೆ, ಇಲ್ಲವಾದರೆ ಊರಿನ ರೈಲು ಎಂದು ಉಸ್ತಾದರು ಹವಾಮಾನದ ಸುದ್ದಿ ಹೇಳುವ ಹಾಗೆ ಹೇಳಿದರು.

"ಪರೀಕ್ಷಾಕ ಅಂಜಬ್ಯಾಡ್ರಿ. ಇದನ್ನ ನೋಡ್ರಿ."

ಅಂದು ತೋರಿಸಿದ್ದು ಅವರ ಬ್ರಹ್ಮಾಸ್ತ್ರ. ಗೀಸರಿನ ಬಾಯಿಗೆ ಉದ್ದದ ರಬ್ಬರ್ ನಳಿಗೆ. ಬಕೆಟ್ಟಿನಲ್ಲಿ ಮೊದಲು ಅರ್ಧ ತಣ್ಣೀರು. ನಳಿಗೆಯ ತುದಿ ಆ ತಣ್ಣೀರಿನ ತಳಕ್ಕೆ. ಖಾಲಿ ಬಕೆಟ್ಟಿಗೆ ಕುದಿನೀರು ಬಿದ್ದರೆ ಬಿಸಿಯೆಲ್ಲ ಉಗಿಯಾಗಿ ಹೋಗುತ್ತದೆ, ಪ್ಲಾಸ್ಟಿಕ್ ಬಕೆಟ್ಟೂ ಸೊಟ್ಟಗಾಗುತ್ತದೆ. ಹೀಗೆ ತಳದಿಂದ ಬಿಟ್ಟರೆ ಒಂದು ತೊಟ್ಟು ಬಿಸಿಯೂ ದಂಡವಿಲ್ಲ. ವಿಜ್ಞಾನದಲ್ಲಿ ಇದಕ್ಕೆ ಎದುರುತ್ತರವಿರಲಿಲ್ಲ.

ಎದುರುತ್ತರ ಇದ್ದದ್ದು ನಮ್ಮ ಮನೆಗಳಲ್ಲಿ. ನಮ್ಮ ಕಡೆ ಬದುಕಿರುವವರ ಸ್ನಾನಕ್ಕೆ ಬಿಸಿನೀರು ಮೊದಲು, ಅದಕ್ಕೆ ತಣ್ಣೀರು ಬೆರಕೆ. ತಣ್ಣೀರು ಮೊದಲಿಟ್ಟು ಅದಕ್ಕೆ ಬಿಸಿನೀರು ಬೆರೆಸುವುದು ಒಂದೇ ಒಂದು ಸ್ನಾನಕ್ಕೆ. ಆ ಸ್ನಾನ ಮಾಡುವವರು ತಾವಾಗಿ ಎದ್ದು ಬಚ್ಚಲಿಗೆ ಹೋಗುವುದಿಲ್ಲ. ಚಿಕ್ಕಂದಿನಲ್ಲಿ ನಾನು ಒಮ್ಮೆ ಹೀಗೆ ಬೆರೆಸಿ ಅಮ್ಮನಿಂದ ಬೆನ್ನಿಗೆ ಏಟು ತಿಂದದ್ದು ಇವತ್ತಿಗೂ ನೆನಪಿದೆ. ಶೆಡ್ಡಿನಲ್ಲಿ ಆ ನಳಿಗೆ ನೋಡುತ್ತಲೇ ಬೆನ್ನು ಚುರ್ ಎಂದಿತು. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಆದರೆ ಅಷ್ಟು ಶುದ್ಧವಾದ ವಿಜ್ಞಾನದ ಮುಂದೆ, ನಾನು, ಪದವೀಧರ, ಸೊಸೈಟಿಯ ತಾಂತ್ರಿಕ ಪ್ರತಿನಿಧಿ, "ಇದು ಹೆಣದ ನೀರು" ಎಂದು ಹೇಗೆ ಹೇಳಲಿ? ಬೊಂಬಾಯಿಯಲ್ಲಿ ಇದನ್ನೆಲ್ಲ ಯಾರು ನೋಡುತ್ತಾರೆ ಅಂದುಕೊಂಡೆ. ತೆರೆದ ಬಾಯಿಗೆ ಚಹಾ ಹೊಯ್ದುಕೊಂಡೆ.

ಪರೀಕ್ಷೆ ಮುಂದಿನ ಭಾನುವಾರ ಬೆಳಿಗ್ಗೆ, ಬಿಲ್ಡಿಂಗಿನ ಪಂಪ್‌ರೂಮಿನ ಎದುರು. ಎಲ್ಲ ಮನೆಯವರೂ ಇಳಿದು ಬಂದಿದ್ದರು. ಸೊಸೈಟಿ ಅಧ್ಯಕ್ಷರ ತಾಯಿಗೆ ಎಂಬತ್ತು ದಾಟಿತ್ತು. ಅವರನ್ನು ಕುರ್ಚಿ ಸಮೇತ ಇಳಿಸಿ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಮೊದಲು ನಮ್ಮ ಹಳೆಯ ಗೀಸರು ಹತ್ತು ಬಕೆಟ್ ಕಾಯಿಸಿ, ತಕ್ಕಡಿಯ ಮುಂದೆ ಮಾನ ಕಳೆದುಕೊಂಡಿತು. ಆಮೇಲೆ ಉಸ್ತಾದರ ಸರದಿ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಎಲ್ಲರಿಗೂ ಕಾಣುವಂತೆ ಬಕೆಟ್ಟಿಗೆ ಅರ್ಧ ತಣ್ಣೀರು ತುಂಬಿದರು, ನಳಿಗೆ ಇಳಿಬಿಟ್ಟರು, ಬೆಂಕಿ ಹಚ್ಚಿದರು.

ಅಜ್ಜಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ಏನೋ ಇದು, ನಾನಿನ್ನೂ ಉಸಿರಾಡ್ತಾ ಕೂತಿದೀನಿ. ಆಗಲೇ ನೀರು ಬೆರೆಸೋಕೆ ಶುರು ಮಾಡ್ಬಿಟ್ರಾ?"

ಯಾರೋ ಕಿಸಕ್ಕೆಂದು ನಕ್ಕರು. ಹೆಂಗಸರು ನಗಲಿಲ್ಲ. ಒಬ್ಬೊಬ್ಬರೇ ಮಕ್ಕಳ ಕೈ ಹಿಡಿದು ಮೆಟ್ಟಿಲ ಕಡೆ ನಡೆದರು. ಅಧ್ಯಕ್ಷರು ಕೆಂಪಗಾಗಿ ಬಂದು ಬಕೆಟ್ಟನ್ನು ಕಾಲಿನಿಂದ ಉರುಳಿಸಿದರು. ಉಸ್ತಾದರು ಏನೂ ಅರ್ಥವಾಗದೆ, ಇನ್ನೂ ಒಂಬತ್ತು ಬಕೆಟ್ ಇದೆ ಎನ್ನುವಂತೆ ನನ್ನ ಮುಖ ನೋಡಿದರು. ನಾನು ತಕ್ಕಡಿಯ ಮುಖ ನೋಡಿದೆ.

ಸ್ಟೇಷನ್‌ವರೆಗೆ ಜೊತೆಗೆ ನಡೆದೆ. ಗೀಸರನ್ನು ಅವರು ಮಗುವಿನ ಹಾಗೆ ಎದೆಗೆ ಹಿಡಿದಿದ್ದರು.

"ಅಜ್ಜಿ ಅಂದದ್ದು ಏನ್ರಿ? ನನಗ ತಿಳೀಲಿಲ್ಲ."

ಹೇಳಿದೆ.

"ನಿಮಗ ಮೊದಲ ಗೊತ್ತಿತ್ತೇನ್ರಿ ಸಾಹೇಬ್ರ?"

"ಇಲ್ಲ ಉಸ್ತಾದ್. ನಾನೂ ಇವತ್ತೇ ಕೇಳಿದ್ದು."

"ಹೌದ್ರಿ. ಓದಿದ ಮಂದಿ ನೀವು, ಇಂಥಾವು ಹ್ಯಾಂಗ ಗೊತ್ತಿರ್ತಾವ." ಸ್ವಲ್ಪ ಮುಂದೆ ಹೋದ ಮೇಲೆ, ತಮಗೇ ಹೇಳಿಕೊಳ್ಳುವಂತೆ, "ತಿಳಿದಿದ್ರ ಬಿಸೀನ ಮೊದಲ ಬಿಡ್ತಿದ್ನಿ. ಚೂರು ಗ್ಯಾಸ್ ಹೆಚ್ಚಿಗಿ ಹೋಗ್ತಿತ್ತು, ಅಷ್ಟ. ಆದ್ರೂ ಗೆಲ್ತಿದ್ವಿ."

'ಗೆಲ್ತಿದ್ವಿ' ಎಂದರು. ನನ್ನನ್ನೂ ಸೇರಿಸಿಕೊಂಡು...

ಇನ್ನೊಮ್ಮೆ ಪರೀಕ್ಷೆ ಮಾಡೋಣ ಎಂದು ಸಭೆಯಲ್ಲಿ ಕೇಳಿಕೊಂಡೆ. ಆ ಗೀಸರು ಮನೆಗೆ ಬಂದರೆ ತಾವು ತವರಿಗೆ ಹೋಗುವುದಾಗಿ ಮೂರು ಮನೆಯ ಹೆಂಗಸರು ಆಗಲೇ ಹೇಳಿದ್ದರಂತೆ. 'ತಾಂತ್ರಿಕ ಕಾರಣಗಳಿಂದ ಸದರಿ ಗೀಸರನ್ನು ಕೈಬಿಡಲಾಗಿದೆ' ಎಂದು ನಡಾವಳಿ ಬರೆದವನು ನಾನೇ. ಅಕ್ಷರ ದುಂಡಗಿದೆ. ಸೊಸೈಟಿಯ ಕಪಾಟಿನಲ್ಲಿ ಈಗಲೂ ಇರಬೇಕು.

ನನಗೊಂದು ಬೇಕೆಂದು ಹೇಳಿಕಳಿಸಿದ್ದೆ. ನಾಲ್ಕು ದಿನ ಬಿಟ್ಟು ಉಸ್ತಾದರೇ ಬಂದು ಆ ಪರೀಕ್ಷೆಯ ಗೀಸರನ್ನು ನಮ್ಮ ಬಚ್ಚಲಿಗೆ ಕೂರಿಸಿಕೊಟ್ಟರು. ಕಿಟಕಿಯ ಒಂದು ಗಾಜನ್ನು ಕಳಚಿ ನನ್ನ ಕೈಗಿಟ್ಟು, "ಇದನ್ನ ಎಂದೂ ವಾಪಸ್ ಹಾಕಬ್ಯಾಡ್ರಿ, ಗ್ಯಾಸಿಗಿ ಗಾಳಿ ಬೇಕು" ಎಂದರು. ರಬ್ಬರ್ ನಳಿಗೆಯನ್ನು ತರಲಿಲ್ಲ. ನನ್ನ ಹೆಂಡತಿಗೆ ಮುಜುಗರವಾಗಬಾರದೆಂದು.

ಸತ್ಯ ಹೇಳಿ ಬರೋಣ ಎಂದು ನಾನು ಧಾರಾವಿಗೆ ಹೋದದ್ದು ಎರಡು ತಿಂಗಳ ಮೇಲೆ. ಧೈರ್ಯ ಕೂಡಿಸಿಕೊಳ್ಳಲು ಅಷ್ಟು ಹಿಡಿಯಿತು. ಶೆಡ್ಡಿನ ಮೊಳೆಗಳಲ್ಲಿ ಚರ್ಮದ ಬೆಲ್ಟುಗಳು ನೇತಾಡುತ್ತಿದ್ದವು. ಸುರುಳಿಗಳನ್ನು ಪಾತ್ರೆ ಮಾಡುವವರು ಒಯ್ದರೆಂದು, ಉಸ್ತಾದರು ಊರು ಸೇರಿದರೆಂದು ಅಲ್ಲಿಯವರು ಹೇಳಿದರು. ಊರಿನ ಹೆಸರು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ನಾನೂ ಕೇಳಿಟ್ಟುಕೊಂಡಿರಲಿಲ್ಲ.

ಅಲ್ಲಿಂದ ಇಲ್ಲಿಯವರೆಗೆ ಬರ್ನರ್ ಮೂರು ಸಲ ಬದಲಾಗಿದೆ. ಸುರುಳಿ ಅವರದೇ. ಮನೆಯವರೆಲ್ಲ ಬಿಸಿನೀರಿಗೆ ತಣ್ಣೀರು ಬೆರೆಸುತ್ತಾರೆ. ನಾನು ಬಾಗಿಲ ಚಿಲಕ ಹಾಕಿಕೊಂಡು ತಣ್ಣೀರು ಮೊದಲು ಹಾಕುತ್ತೇನೆ, ಮೊಣಕೈ ಅದ್ದಿ ನೋಡುತ್ತೇನೆ. ಮೂವತ್ತು ವರ್ಷ ದಾಟಿತು. ಇನ್ನೂ ನಾನಾಗಿಯೇ ಎದ್ದು ಬಚ್ಚಲಿಗೆ ಹೋಗುತ್ತಿದ್ದೇನೆ. ಸುಳ್ಳು ಹೇಳಿದ್ದೆ ಉಸ್ತಾದ್ ಎಂದು ಒಮ್ಮೊಮ್ಮೆ ಆ ಉರಿಗೆ ಹೇಳುತ್ತಿದ್ದೆ. ಅದು ತನ್ನ ಪಾಡಿಗೆ ನೀಲಿಯಾಗಿ ಉರಿಯುತ್ತಿರುತ್ತಿತ್ತು...

ಮೊನ್ನೆ ಪೈಪ್ ಗ್ಯಾಸಿನವರು ಬಂದು, ಇಷ್ಟು ಹಳೆಯದಕ್ಕೆ ಕನೆಕ್ಷನ್ ಕೊಡಲಾಗುವುದಿಲ್ಲ ಎಂದರು. ಮಂಗಳವಾರ ಅದನ್ನು ಗೋಡೆಯಿಂದ ಇಳಿಸಿದರು. ಈಗ ಅಲ್ಲಿ ಕರೆಂಟಿನದು ಇದೆ.