ಮೋನು ಬ್ಯಾರಿಗಳ ಕಾರೂ ಹಲಸಿನ ಮೇಣವೂ

ಮೋನು ಬ್ಯಾರಿಗಳು ತಮ್ಮ ಕಾರಿಗೆ ರಾತ್ರಿ ಕಂಬಳಿ ಹೊದೆಸುತ್ತಿದ್ದರು. ಬೆಳಿಗ್ಗೆ ಎದ್ದು ಕಂಬಳಿ ಸರಿಸಿ, ಬಾನೆಟ್ ಮೇಲೆ ಅಂಗೈ ಇಟ್ಟು, "ತಣ್ಣಗೆ ಉಂಟು" ಎಂದು ಬೇಸರದಿಂದ ಹೇಳುತ್ತಿದ್ದರು. ರಾತ್ರಿಯಿಡೀ ಹೊರಗೆ ನಿಂತ ಕಬ್ಬಿಣ ಮತ್ತೆ ಹೇಗಿರಬೇಕಿತ್ತೋ ನನಗಂತೂ ತಿಳಿಯದು. ಆಮೇಲೆ ಮುಂದಿನಿಂದ ಹ್ಯಾಂಡಲ್ ತುರುಕಿ ತಿರುಗಿಸುವ ಕೆಲಸ. ಕಾರು ಕೆಮ್ಮಿ, ಉಗುಳಿ, ಕೊನೆಗೆ ಮನಸ್ಸು ಮಾಡಿ ಸ್ಟಾರ್ಟ್ ಆದರೆ, ಪಕ್ಕದಲ್ಲಿ ಸ್ಟೂಲು ಹಾಕಿ ಕುಳಿತು ಚಹಾ ಕುಡಿಯುತ್ತಾ ಎಂಜಿನ್ ಬೆಚ್ಚಗಾಗುವುದನ್ನು ಕಾಯುತ್ತಿದ್ದರು. ಬಾಡಿಗೆಗೆ ಯಾರೂ ಕರೆಯದ ದಿನವೂ ಈ ಕ್ರಮ ತಪ್ಪುತ್ತಿರಲಿಲ್ಲ. ಚೆನ್ನಾಗಿ ಬೆಚ್ಚಗಾದ ಮೇಲೆ ಎಂಜಿನ್ ನಿಲ್ಲಿಸಿ, ಕೊಡೆ ಹಿಡಿದು, ಸುಳ್ಯದ ಪೇಟೆಗೆ ನಡೆದುಕೊಂಡು ಹೋಗುತ್ತಿದ್ದರು. ಕಾರು ಇರುವಾಗ ನಡೆಯುವುದು ಯಾಕೆಂದು ಒಮ್ಮೆ ಕೇಳಿದ್ದೆ. "ನನಗೆ ಕಾಲು ಉಂಟಲ್ಲ ಮಗಳೇ" ಎಂದರು.

ಇದು ಐವತ್ತರ ದಶಕದ ಕೊನೆಯ ಮಾತು. ಜಾಲ್ಸೂರಿನಲ್ಲಿ ಅವರ ಮನೆ, ನಮ್ಮ ಮನೆ ಒಂದೇ ಬೇಲಿಯ ಆಚೆ ಈಚೆ. ಮನೆಯೊಳಗೆ ಅವರದು ಬ್ಯಾರಿ ಮಾತು, ನಮ್ಮದು ಗೌಡರ ಅರೆಭಾಷೆ. ಬೇಲಿಯ ಹತ್ತಿರ ಬಂದರೆ ಎಲ್ಲರದೂ ಕನ್ನಡ.

ಆ ಕಾರಿನ ಗೇರ್‌ಬಾಕ್ಸಿನಿಂದ ಎಣ್ಣೆ ಸೋರುತ್ತಿತ್ತು. ನಿಲ್ಲಿಸಿದಲ್ಲೆಲ್ಲ ಅಡಿಗೆ ಒಂದು ಅಡಿಕೆ ಹಾಳೆ ಇಟ್ಟು, ಅದರಲ್ಲಿ ಬಿದ್ದದ್ದನ್ನು ಸೋಸಿ ಪುನಃ ಗೇರ್‌ಬಾಕ್ಸಿಗೇ ಹೊಯ್ಯುತ್ತಿದ್ದರು. ಪುತ್ತೂರಿನ ಮೆಕ್ಯಾನಿಕ್ ಹೊಸ ಬೋಲ್ಟು ಹಾಕಬೇಕೆಂದ. ಇವರು ಮನೆಗೆ ಬಂದು, ತೂತು ಕೊಡಪಾನಕ್ಕೆ ಹಚ್ಚುವ ಹಲಸಿನ ಮೇಣವನ್ನು ಹಚ್ಚಿದರು. ಎಣ್ಣೆ ತಾಗಿದರೆ ಮೇಣ ಬಿಟ್ಟುಕೊಳ್ಳುತ್ತದೆ ಎಂದು ಹಲಸಿನಹಣ್ಣು ತಿನ್ನುವ ಊರಿನಲ್ಲಿ ಯಾರಿಗೆ ಗೊತ್ತಿಲ್ಲ? ಅಪ್ಪ ಅದನ್ನೇ ಹೇಳಿದರು.

"ಅದು ತೆಂಗಿನೆಣ್ಣೆ ಗೌಡ್ರೆ. ಇದು ಗೇರ್‌ಬಾಕ್ಸಿನ ಎಣ್ಣೆ. ಇದಕ್ಕೂ ಮೇಣಕ್ಕೂ ಪರಿಚಯ ಇಲ್ಲ."

ಆಶ್ಚರ್ಯವೆಂದರೆ ಸೋರುವುದು ಕಡಿಮೆಯಾಯಿತು. ಬ್ಯಾರಿಗಳು ಒಂದು ವಾರ ಊರಿಡೀ ಎದೆ ಉಬ್ಬಿಸಿಕೊಂಡು ತಿರುಗಿದರು.

ಅಷ್ಟರಲ್ಲಿ ನನ್ನ ಮದುವೆ ನಿಶ್ಚಯವಾಯಿತು. ಕುಂಬ್ರದ ಗಂಡು, ಮದುವೆ ಅವರ ಮನೆಯಲ್ಲೇ. ಈ ಮುಹೂರ್ತ ತಪ್ಪಿದರೆ ಮಳೆಗಾಲ ಕಳೆಯುವವರೆಗೆ ಬೇರೆ ಇರಲಿಲ್ಲ. ಅಷ್ಟರಲ್ಲಿ ಗಂಡಿನ ಕಡೆಯವರ ಮನಸ್ಸು ಎತ್ತ ತಿರುಗೀತೋ ಎಂದು ಅಪ್ಪನಿಗೆ ಹೆದರಿಕೆ. "ಮಗಳನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸುದು ನನ್ನ ಜವಾಬ್ದಾರಿ" ಎಂದು ಬ್ಯಾರಿಗಳು ಮಾತು ಕೊಟ್ಟರು.

ಮದುವೆಯ ಬೆಳಿಗ್ಗೆ ಅವರ ಅಂಗಳದಲ್ಲಿ ಕಾರು ಬೆಚ್ಚಗಾಗುವ ಸದ್ದು ಕೇಳಿತು, ಅದರ ಹೊಗೆ ನಮ್ಮ ಅಡುಗೆಮನೆಗೂ ಬಂತು. ಆಮೇಲೆ ಕಾರು ನಮ್ಮ ಅಂಗಳಕ್ಕೆ ಬಂದು ನಿಂತಿತು. ನೆಂಟರೆಲ್ಲ ಬಸ್ಸಿನಲ್ಲಿ ಮುಂದೆ ಹೋಗಿಯಾಗಿತ್ತು. ಅಮ್ಮ ಹಿಂದಿನ ವಾರ ದನದ ಹಟ್ಟಿಯಲ್ಲಿ ಜಾರಿ ಕಾಲು ಮುರಿದುಕೊಂಡು ಮಂಚ ಹಿಡಿದಿದ್ದಳು, ಮದುವೆಗೆ ಬರುವ ಹಾಗಿರಲಿಲ್ಲ. ನಾನು ಅವಳ ಕಾಲಿಗೆ ಬಿದ್ದು ಏಳುವಾಗ ಹೊರಗೆ ಬ್ಯಾರಿಗಳ ಸ್ವರ ಕೇಳಿತು.

"ಸ್ವಲ್ಪ ನಿಲ್ಲಿ ಗೌಡ್ರೆ. ಎಂಜಿನ್ ಬೆಚ್ಚ ಆಗ್ಬೇಕು."

"ಆಗ ನಿಮ್ಮ ಅಂಗಳದಲ್ಲಿ ಬೆಚ್ಚ ಮಾಡಿದ್ದು ಎಂತ ಮಾರಾಯ್ರೆ?"

"ಅದು ಬರುವಾಗ ದಾರಿಯಲ್ಲಿ ತಣಿದು ಹೋಯ್ತು."

ದಾರಿ ಎಂದರೆ ಒಂದು ಬೇಲಿ. ಅಪ್ಪ ಪಂಚೆ ಎತ್ತಿ ಕಟ್ಟಿ ಅಂಗಳ ಸುತ್ತತೊಡಗಿದರು. ಒಳಗೆ ಅಮ್ಮ, ಅತ್ತೆಯ ಎದುರು ಹೇಗಿರಬೇಕು ಎಂಬಲ್ಲಿಂದ ಉಪ್ಪಿನಕಾಯಿ ಭರಣಿಗೆ ಒದ್ದೆ ಕೈ ಹಾಕಬಾರದು ಎಂಬಲ್ಲಿಯವರೆಗೆ ಎಲ್ಲವನ್ನೂ ಹೇಳಿದಳು. ಇಬ್ಬರೂ ಬೇಕಾದಷ್ಟು ಅತ್ತೆವು. ನಾನು ಹೊರಗೆ ಬಂದಾಗ ಬಾನೆಟ್ ಮುಟ್ಟುವ ಹಾಗಿರಲಿಲ್ಲ.

ದಾರಿಯಲ್ಲಿ ಕಾವು ಎಂಬ ಊರು ತಲುಪುವಷ್ಟರಲ್ಲಿ ಕಾರು ಗೇರ್ ಬದಲಿಸಿದಾಗಲೆಲ್ಲ ಹಲ್ಲು ಕಡಿಯತೊಡಗಿತು. ಇಳಿದು ನೋಡಿದರೆ ಬಿಸಿಗೆ ಮೇಣ ಕರಗಿ, ಗೇರ್‌ಬಾಕ್ಸಿನ ಎಣ್ಣೆಯೆಲ್ಲ ದಾರಿಯ ಪಾಲಾಗಿತ್ತು. ಅಪ್ಪ ತಲೆ ಮೇಲೆ ಕೈಹೊತ್ತು ಮೈಲುಕಲ್ಲಿನ ಮೇಲೆ ಕುಳಿತರು. ಬ್ಯಾರಿಗಳು ಮಾತ್ರ ದಾರಿ ಬದಿಯ ಹಲಸಿನ ಮರ ನೋಡಿ, "ಮೇಣ ಉಂಟು" ಎಂದರು. ಎಳೆಯ ಹಲಸು ಕೊಯ್ದು ಕೊಟ್ಟು ತಾವು ಕಾರಿನಡಿಗೆ ನುಗ್ಗಿದರು. ಇದು ಧಾರೆ ಎರೆಯುವ ಕೈ ಎಂದು ಅಪ್ಪ ಹಿಂದೆ ಸರಿದರು. ಧಾರೆ ಎರೆಸಿಕೊಳ್ಳುವ ಕೈಯ ಬಗ್ಗೆ ಯಾರಿಗೂ ಚಿಂತೆಯಿರಲಿಲ್ಲ. ಹಾಗಾಗಿ ಮೇಣ ಬಳಿದು ಉಂಡೆ ಕಟ್ಟಿ ಕೊಟ್ಟದ್ದು ಮದುಮಗಳು.

ಇನ್ನು ಎಣ್ಣೆ ಬೇಕಲ್ಲ. ಗಂಡಿನ ಮನೆಗೆಂದು ಅಮ್ಮ ಕಳಿಸಿದ್ದ ತೆಂಗಿನೆಣ್ಣೆಯ ಡಬ್ಬಿ ಡಿಕ್ಕಿಯಲ್ಲಿತ್ತು. ಒಂದು ಹನಿ ಉಳಿಸದೆ ಗೇರ್‌ಬಾಕ್ಸಿಗೆ ಹೊಯ್ದರು.

"ಈಗ ಪರಿಚಯ ಆಗುದಿಲ್ವಾ?" ಎಂದು ಅಪ್ಪ ಕೇಳಿದರು.

"ಆಗುವ ಮೊದಲು ಕುಂಬ್ರ ಮುಟ್ಟುವ, ಹತ್ತಿ."

ಆ ದಿನ ಬ್ಯಾರಿಗಳು ಓಡಿಸಿದ ಹಾಗೆ ಹಿಂದೆಯೂ ಓಡಿಸಿದ್ದಿಲ್ಲ, ಮುಂದೆಯೂ ಇಲ್ಲ. ದಾರಿಯುದ್ದಕ್ಕೂ ಹಪ್ಪಳ ಕರಿಯುವ ಪರಿಮಳ. ಚಪ್ಪರದ ಎದುರು ಕಾರು ನಿಂತಾಗ ಮುಹೂರ್ತಕ್ಕೆ ಉಸಿರಾಡುವಷ್ಟು ಹೊತ್ತು ಉಳಿದಿತ್ತು. ಕೈ ತೊಳೆಯಲಿಕ್ಕೆ ಬಿಡದೆ ನನ್ನನ್ನು ನೇರ ಮಂಟಪಕ್ಕೆ ಎಳೆದುಕೊಂಡು ಹೋದರು.

ಧಾರೆ ಆಯಿತು. ಕೈ ಬಿಡಿಸಿಕೊಳ್ಳಬೇಕಾದಾಗ ಬಿಡಲಿಲ್ಲ. ಹುಡುಗಿಗೆ ತನ್ನ ಮೇಲೆ ಇಷ್ಟೊಂದು ಪ್ರೀತಿಯೇ ಎಂದು ಮದುಮಗ ಮೊದಲು ಕೆಂಪಾದರು. ಮತ್ತೊಮ್ಮೆ ಎಳೆದು ನೋಡಿ, ತಲೆ ಬಗ್ಗಿಸಿ, "ಎಂತ ಇದು?" ಎಂದು ಪಿಸುಗುಟ್ಟಿದರು.

"ಮೇಣ" ಎಂದೆ.

ಗಂಡ ಹೆಂಡತಿಯಾಗಿ ನಮ್ಮ ಮೊದಲ ಮಾತುಕತೆ ಇಷ್ಟೇ. ಅತ್ತೆ ಅಡುಗೆಮನೆಯಿಂದ ಎಣ್ಣೆ ತಂದು ನಮ್ಮನ್ನು ಬಿಡಿಸಿದರು. ಚಪ್ಪರದ ತುದಿಯಲ್ಲಿ ನಿಂತಿದ್ದ ಬ್ಯಾರಿಗಳು, "ಮುಟ್ಟಿಸಿದೆ ಅಲ್ವಾ ಗೌಡ್ರೆ" ಎಂದು ಅಪ್ಪನಿಗೆ ಹೇಳುತ್ತಿದ್ದರು. ಅಪ್ಪ ಅವರನ್ನು ನೋಡಿದ ನೋಟ ಇಲ್ಲಿ ಬರೆಯುವಂಥದ್ದಲ್ಲ.

ಕೆಲವು ವರ್ಷಗಳ ನಂತರ ತವರಿಗೆ ಹೋದಾಗ ಬ್ಯಾರಿಗಳು ಹಾಸಿಗೆ ಹಿಡಿದಿದ್ದರು. ಕಾರು ಗುಜರಿಗೆ ಹೋಗಿತ್ತು. ಅಷ್ಟು ಕಾಲ ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದನ್ನು ಕೇಳಿಯೇಬಿಟ್ಟೆ. "ಅವತ್ತು ಎರಡನೆ ಸಲ ಅಷ್ಟು ಹೊತ್ತು ಬೆಚ್ಚ ಮಾಡದಿದ್ದರೆ ಮೇಣ ಕರಗುತ್ತಿರಲಿಲ್ಲ ಅಲ್ವಾ ಬ್ಯಾರಿಗಳೇ?"

"ಹೌದು. ಎಂಜಿನ್ ಮೊದಲೇ ಬೆಚ್ಚ ಆಗಿತ್ತು" ಎಂದರು. "ಕಿಟಕಿಯಲ್ಲಿ ನೋಡಿದೆ. ನಿನ್ನ ಅಮ್ಮನ ಮಾತು ಮುಗಿದಿರ್ಲಿಲ್ಲ."

ನಾನು ಅವರ ಕೈ ಹಿಡಿದುಕೊಂಡೆ.

ಆ ವರ್ಷ ಮಳೆ ಹಿಡಿಯುವ ಮೊದಲೇ ಅವರು ತೀರಿಕೊಂಡರು. ಸುದ್ದಿ ಕುಂಬ್ರಕ್ಕೆ ಮುಟ್ಟುವಾಗ ದಫನ್ ಆಗಿತ್ತು. ಬಸ್ಸಿನಲ್ಲಿ ಹೋಗಿ ಅವರ ಮನೆಯವರನ್ನು ಕಂಡು ಬಂದೆ. ಹಿಂದಿರುಗಿ ಹೊರಟಾಗ ಅಮ್ಮ ಕುಂಟುತ್ತಾ ರಸ್ತೆಯವರೆಗೆ ಬಂದಳು. ನಾನು ಮೆಟ್ಟಿಲು ಹತ್ತಿ ತಿರುಗಿದೆ, ಅವಳು ಏನೋ ಹೇಳಲು ಬಾಯಿ ತೆರೆದಳು. ಕಂಡಕ್ಟರ್ ಬೆಲ್ ಹೊಡೆದ, ಬಸ್ಸು ಹೊರಟೇಬಿಟ್ಟಿತು.